ಹಲಸಿನ ಬುಡದ ಕೈ

ಬೋಂ ಸೊಸೇಗು ಎಂಬ ಆಲೆಮನೆಯ ದಣಿಗಳಿಗೆ ಇದ್ದಕ್ಕಿದ್ದಂತೆ ತಮ್ಮ ಮುತ್ತಾತಂದಿರ ಮೇಲೆ ಪ್ರೀತಿ ಉಕ್ಕಿತು. ಉಕ್ಕಲು ಕಾರಣವಿತ್ತು. ಕಬ್ಬು ಅರೆದು ದುಡ್ಡು ಮಾಡುವ ಕಾಲ ಹೋಗಿತ್ತು. ಈಗ ಆಲೆಮನೆಯನ್ನು ತೋರಿಸಿ ದುಡ್ಡು ಮಾಡುವ ಕಾಲ. ದೊಡ್ಡಮನೆಗೆ ಸುಣ್ಣ ಬಳಿದು ಹೋಟೆಲು ಮಾಡಿದರು. ಗುಲಾಮರನ್ನು ಕೂಡಿಹಾಕುತ್ತಿದ್ದ ಸಾಲುಕೋಣೆಗಳಿಗೆ ಎ.ಸಿ. ಹಾಕಿಸಿ ‘ಪ್ರೇಮಿಗಳ ಕೋಣೆ’ ಎಂದು ಹೆಸರಿಟ್ಟರು. ಬಾಗಿಲುಗಳ ಚಿಲಕ ಮಾತ್ರ ಹೊರಗಡೆಯೇ ಉಳಿಯಿತು. ಹಳೆಯದು ಹಳೆಯದರ ಹಾಗೆ ಕಾಣಬೇಕಲ್ಲ!

ಆಲೆಮನೆ ಇದ್ದದ್ದು ಪೆರ್ನಂಬೂಕು ಸೀಮೆಯ ಕಬ್ಬಿನ ಗುಡ್ಡಗಳ ನಡುವೆ. ದಣಿಗಳು ಇದ್ದದ್ದು ರೆಸೀಫಿ ಪಟ್ಟಣದಲ್ಲಿ, ಸಮುದ್ರ ಕಾಣುವ ಮಹಡಿಯಲ್ಲಿ. ಅಣ್ಣ ಒತಾವಿಯು, ತಂಗಿ ಲೆಯೊನೋರ್. ಒತಾವಿಯುವನ್ನು ಎಲ್ಲರೂ ಡಾಕ್ಟರ್ ಎನ್ನುತ್ತಿದ್ದರು. ಅವನು ಒಂದು ನೆಗಡಿಯನ್ನೂ ವಾಸಿ ಮಾಡಿದವನಲ್ಲ. ಆದರೆ ಆ ಸೀಮೆಯಲ್ಲಿ ಜಮೀನಿದ್ದು, ಬಿಳಿ ಬಟ್ಟೆ ತೊಟ್ಟು, ತಡವಾಗಿ ಏಳುವವರೆಲ್ಲ ಡಾಕ್ಟರೇ. ಅವನ ಮುತ್ತಾತನನ್ನು ಇದೇ ರೀತಿ ಕರ್ನಲ್ ಎನ್ನುತ್ತಿದ್ದರು. ಅವನೂ ಯಾವ ಯುದ್ಧಕ್ಕೂ ಹೋದವನಲ್ಲ.

ದಮಿಯಾನಾ ಆ ಹೋಟೆಲಿನ ನೆಲ ಒರೆಸುತ್ತಿದ್ದಳು. ಅವಳ ತಾಯಿ ಇದೇ ನೆಲ ಒರೆಸಿದ್ದಳು. ತಾಯಿಯ ತಾಯಿ ಲಿಬಾನಿಯಾ ಇದೇ ನೆಲ ಒರೆಸಿದ್ದಳು. ನೆಲ ಒರೆಸುವುದರಲ್ಲಿ ಅವಳದೂ ಘನವಾದ ವಂಶವೇ. ಆದರೆ ಅಂಥ ವಂಶಗಳ ಮರವನ್ನು ಯಾರೂ ಗೋಡೆಯ ಮೇಲೆ ಬರೆಸುವುದಿಲ್ಲ.

ದಣಿಗಳು ತಮ್ಮದನ್ನು ಬರೆಸಲು ಹೊರಟರು. ಗಾಣದ ಮನೆಯ ದೊಡ್ಡ ಗೋಡೆಯ ತುಂಬ ಮರ. ಬುಡದಲ್ಲಿ ಪೋರ್ಚುಗಲ್ಲಿನಿಂದ ಹಡಗು ಹತ್ತಿ ಬಂದ ಮೂಲಪುರುಷ. ಕೊಂಬೆಗಳಲ್ಲಿ ಮಿಕ್ಕವರೆಲ್ಲ. ಕಬ್ಬಿನ ಸುಗ್ಗಿಯ ಮೊದಲ ದಿನ, ‘ಬೊತಾದಾ’ ದಿನ, ಇಡೀ ಬಳಗವನ್ನು ಕರೆಸಿ ಪರದೆ ಎಳೆಯುವುದು. ಸತ್ತುಹೋಗಿದ್ದ ಗಾಣವನ್ನು ಮತ್ತೆ ತಿರುಗಿಸುವುದು. ಮೊದಲ ರಸ ಕುಡಿಯುವುದು. ವಂಶ ಹುಡುಕಿಕೊಡಲು ರೆಸೀಫಿಯಿಂದ ಒಬ್ಬ ತಜ್ಞ ಬಂದ. ಕನ್ನಡಕ, ಮಡಚುವ ಕುರ್ಚಿ, ಬೆವರು ಒರೆಸಲು ಮೂರು ಕರವಸ್ತ್ರ.

ಲೆಯೊನೋರ್ ದಮಿಯಾನಾಳನ್ನು ಜಗಲಿಗೆ ಕರೆದಳು.

“ಬಾರೇ ದಮಿಯಾನಾ, ಕೂತ್ಕೋ. ಯಾಕೆ ಯಾವಾಗ್ಲೂ ನಿಂತೇ ಇರ್ತೀಯ? ನೀನು ನಮ್ಮನೆಯವಳೇ ಇದ್ದ ಹಾಗೆ.”

ಜಗಲಿಯಲ್ಲಿ ಎರಡೇ ಕುರ್ಚಿ ಇದ್ದವು. ಒಂದರಲ್ಲಿ ಲೆಯೊನೋರ್, ಇನ್ನೊಂದರಲ್ಲಿ ತಜ್ಞ. ದಮಿಯಾನಾ ನಿಂತೇ ಇದ್ದಳು.

“ಹಳೇ ಕತೆಗಳೆಲ್ಲ ನಿನಗೆ ಗೊತ್ತಲ್ಲ. ಇವರಿಗೆ ಎಲ್ಲಾ ಹೇಳು. ಏನೂ ಮುಚ್ಚಿಡಬೇಡ.”

ಸರಿ, ದಮಿಯಾನಾ ಮುಚ್ಚಿಡಲಿಲ್ಲ. ಮುತ್ತಜ್ಜಿ ಇನಾಸಿಯಾಳ ಕತೆ ಹೇಳಿದಳು.

ಇನಾಸಿಯಾ ಗಾಣಕ್ಕೆ ಕಬ್ಬು ಕೊಡುವವಳು. ಆ ಕೆಲಸ ಹೆಂಗಸರದು. ಗುಲಾಮಗಿರಿ ರದ್ದಾಯಿತು ಎಂದು ಪಾದ್ರಿ ಪೂಜೆಯಲ್ಲಿ ಓದಿ ಹೇಳಿ ವರ್ಷಗಳಾಗಿದ್ದವು. ಸುದ್ದಿ ಗಾಣದವರೆಗೂ ಬಂದಿರಲಿಲ್ಲ. ಸುಗ್ಗಿಯಲ್ಲಿ ಹಗಲಿಲ್ಲ, ಇರುಳಿಲ್ಲ. ಮೂರು ಕಬ್ಬಿಣದ ಉರುಳೆ ತಿರುಗುತ್ತಲೇ ಇರಬೇಕು. ಒಂದು ಹಿಡಿ ಕಬ್ಬು ಕೊಡು, ಕೈ ಎಳೆದುಕೋ. ಕೊಡು, ಎಳೆದುಕೋ. ಇನಾಸಿಯಾಳಿಗೆ ಮೊಲೆ ಕುಡಿಯುವ ಕೂಸಿತ್ತು. ನಿದ್ದೆ ಇರಲಿಲ್ಲ. ಒಂದು ಸಲ ಕೊಟ್ಟಳು, ಎಳೆದುಕೊಳ್ಳಲು ಮರೆತಳು.

ಗಾಣದ ಕಂಬಕ್ಕೆ ಒಂದು ಮಚ್ಚು ತೂಗುಹಾಕಿರುತ್ತಿತ್ತು. ಅದು ಕಬ್ಬು ಕಡಿಯಲು ಅಲ್ಲ. ನೀರಿನ ಚಕ್ರವನ್ನು ನಿಲ್ಲಿಸಲು ಹೊತ್ತು ಬೇಕು. ಅಷ್ಟರಲ್ಲಿ ಉರುಳೆ ಮನುಷ್ಯರನ್ನು ಪೂರ್ತಿ ಒಳಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಮಚ್ಚು. ಮೇಸ್ತ್ರಿ ಕಂಬದಿಂದ ತೆಗೆದ, ಕಡಿದ. ಬಲಗೈ, ಮೊಣಕೈಗಿಂತ ಮೇಲೆ. ಕೈ ಉರುಳೆ ದಾಟಿ ಆಚೆ ಬಿತ್ತು. ಆ ಕೊಪ್ಪರಿಗೆಯ ರಸ ಚೆಲ್ಲಬೇಕಾಯಿತಲ್ಲ ಎಂದು ಕರ್ನಲ್ ಬೈದ.

ಒಬ್ಬ ಮುದುಕಿ ಕೈಯನ್ನು ತೊಳೆದಳು. ರಸ ಸೋಸುವ ಬಟ್ಟೆಯಲ್ಲಿ ಸುತ್ತಿದಳು. ಗಾಣದ ಮನೆಯ ಪಕ್ಕದ ಹಲಸಿನ ಬುಡದಲ್ಲಿ, ಸತ್ತ ಕೂಸನ್ನು ಹೂಳುವ ಹಾಗೆ ಹೂತಳು. ಗಾಯ ಒಣಗುವ ಮೊದಲೇ ಕರ್ನಲ್ ಹೇಳಿ ಕಳಿಸಿದ: “ಒಂದು ಕೈ, ಎರಡು ಬಾಯಿ. ನನಗೆ ಗಿಟ್ಟಲ್ಲ.” ಇನಾಸಿಯಾ ಎಡಗೈಯಲ್ಲಿ ಕೂಸನ್ನು ಎತ್ತಿಕೊಂಡು ಪಟ್ಟಣಕ್ಕೆ ನಡೆದಳು. ಇಗರ್ಜಿಯ ಮೆಟ್ಟಿಲ ಮೇಲೆ ಭಿಕ್ಷೆ ಬೇಡಿದಳು. ಅಲ್ಲೇ ಸತ್ತಳು. ಅನಾಥ ಹೆಣಗಳ ಗುಂಡಿಗೆ ಹಾಕಿದರು. ಯಾವ ಗುಂಡಿಯೋ ಯಾರಿಗೂ ಗೊತ್ತಿಲ್ಲ.

ಕೂಸು ಲಿಬಾನಿಯಾ ಬೆಳೆದು ವಾಪಸ್ಸು ಬಂದಳು. ಥೂ, ಇಲ್ಲಿಗ್ಯಾಕೆ ಬಂದೆ ಎಂದು ಜನ ಕೇಳಿದರು. “ನಮ್ಮವ್ವನದು ಅಂತ ಈ ಲೋಕದಲ್ಲಿ ಉಳಿದಿರೋದು ಅದೊಂದೇ ಕೈ. ಬಿಟ್ಟು ಎಲ್ಲಿಗೆ ಹೋಗ್ಲಿ?” ಎಂದಳು. ದೊಡ್ಡಮನೆಯ ನೆಲ ಒರೆಸುವ ಕೆಲಸಕ್ಕೆ ಸೇರಿದಳು. ಹೀಗೆ ಆ ಮನೆತನ ಅಲ್ಲಿ ನಿಂತಿತು. ಪ್ರತಿ ಬೊತಾದಾ ದಿನ ಮೊದಲ ರಸದಲ್ಲಿ ಒಂದು ಲೋಟ ಹಲಸಿನ ಬುಡಕ್ಕೆ ಹೋಗುತ್ತಿತ್ತು. ಗಾಣ ನಿಂತ ಮೇಲೂ ಅಂಗಡಿಯಿಂದ ತಂದು ಸುರಿಯುತ್ತಿದ್ದರು.

ತಜ್ಞ ಕನ್ನಡಕ ತೆಗೆದ. ಒರೆಸಿದ. ಮತ್ತೆ ಹಾಕಿಕೊಂಡ.

“ಪಾಪ, ಪಾಪ. ಏನು ಕಷ್ಟ! ಅಂದಹಾಗೆ, ಕರ್ನಲ್ ಸಾಹೇಬರದ್ದು ಒಂದು ಬಿಳಿ ಕುದುರೆ ಇತ್ತಂತಲ್ಲ? ಅದರ ಹೆಸರು ಏನಾದ್ರೂ ನೆನಪಿದೆಯಾ?”

“ರೆಲಾಂಪಗು. ಮಿಂಚು ಅಂತ,” ಎಂದಳು ದಮಿಯಾನಾ.

“ಆಹಾ! ಇದಪ್ಪಾ ಮಾಹಿತಿ ಅಂದ್ರೆ!” ಎಂದು ತಜ್ಞ ಬರೆದುಕೊಂಡ. ಅಷ್ಟು ಹೊತ್ತಿನಲ್ಲಿ ಅವನ ಪೆನ್ನು ಕಾಗದ ಮುಟ್ಟಿದ್ದು ಅದೇ ಮೊದಲು.

ಅವನು ಹೋದ ಮೇಲೆ ದಮಿಯಾನಾ ಬಾಯಿಬಿಟ್ಟು ಕೇಳಿದಳು. ಹುಟ್ಟಿದಂದಿನಿಂದ ಆ ಮನೆಯವರನ್ನು ಅವಳು ಏನನ್ನೂ ಕೇಳಿದವಳಲ್ಲ.

“ಅಮ್ಮಾವ್ರೇ, ಆ ಗೋಡೆ ಮೇಲೆ ನಮ್ಮ ಮುತ್ತಜ್ಜಿ ಹೆಸರೂ ಒಂದು ಮೂಲೇಲಿ ಬರೆಸಿ. ಮರದ ಮೇಲೆ ಬೇಡ. ಕೆಳಗೆ, ನೆಲದ ಹತ್ರಾನೇ ಸಾಕು. ಇನಾಸಿಯಾ ಅಂತ. ಅವಳಿಗೆ ಎಲ್ಲೂ ಒಂದು ಕಲ್ಲಿಲ್ಲ.”

“ಅಯ್ಯೋ, ಇದನ್ನೂ ಕೇಳಬೇಕಾ? ನೀನು ಬೇರೆನಾ, ನಾವು ಬೇರೆನಾ? ಖಂಡಿತ ಬರೆಸೋಣ,” ಎಂದು ಲೆಯೊನೋರ್ ಅವಳ ಭುಜ ತಟ್ಟಿದಳು. ಆಮೇಲೆ ಕೈ ಒರೆಸಿಕೊಂಡಳು.

ಅಡುಗೆಮನೆಯಲ್ಲಿ ಜೊವೆಂತಿನಾ ಮರಗೆಣಸು ತುರಿಯುತ್ತಿದ್ದಳು. ದಮಿಯಾನಾಳ ಓರಗೆಯವಳು, ನೆರೆಮನೆಯವಳು, ನಾಲಿಗೆ ತುರಿಮಣೆಗಿಂತ ಹರಿತ.

“ಬರೆಸ್ತಾರೆ ಬಿಡು. ಚಿನ್ನದ ಅಕ್ಷರದಲ್ಲಿ ಬರೆಸ್ತಾರೆ. ಪಕ್ಕದಲ್ಲಿ ನಿನ್ನ ಮೂಗೂ ಬಿಡಿಸ್ತಾರೆ.”

“ಸುಮ್ನಿರೇ. ಮಾತು ಕೊಟ್ಟಿದ್ದಾರೆ.”

“ಮೂಗಿಗೆ ತುಪ್ಪ ಸವರೋಕೆ ನಿನ್ನ ಮೂಗು ಬೇರೆ ಅಷ್ಟುದ್ದ ಇದೆಯಲ್ಲಮ್ಮ.”

ಆ ಮೂಗಿನ ವಿಷಯ ಊರಿಗೆಲ್ಲ ಗೊತ್ತು. ಹಜಾರದಲ್ಲಿ ತೂಗುಹಾಕಿದ್ದ ಕರ್ನಲ್‌ನ ಚಿತ್ರದಲ್ಲಿ ಗಿಣಿಯ ಕೊಕ್ಕಿನಂಥ ಮೂಗಿತ್ತು. ಕರ್ನಲ್‌ನ ಮಗನಿಗೂ ಇತ್ತು. ಲಿಬಾನಿಯಾ ನೆಲ ಒರೆಸಲು ಸೇರಿದ ಎರಡನೇ ವರ್ಷ ಹುಟ್ಟಿದ ಮಗಳಿಗೂ ಇತ್ತು. ಆ ಮಗಳ ಮಗಳು ದಮಿಯಾನಾ ದಿನವೂ ಆ ಚಿತ್ರದ ಧೂಳು ಹೊಡೆಯುತ್ತಿದ್ದಳು. ಲಿಬಾನಿಯಾಳನ್ನು ಯಾರೂ ಏನೂ ಕೇಳಲಿಲ್ಲ. ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳು?

“ನಮ್ಮನೆಯವಳೇ ಇದ್ದ ಹಾಗೆ ಅಂತಾಳಲ್ಲ,” ಎಂದಳು ಜೊವೆಂತಿನಾ. “ಅದರಲ್ಲಿ ‘ಇದ್ದ ಹಾಗೆ’ ಅನ್ನೋದೊಂದೇ ಸುಳ್ಳು.”

ಬೊತಾದಾ ಹತ್ತಿರ ಬಂತು. ಪಟ್ಟಣದಿಂದ ಬಾಡಿಗೆ ಬಟ್ಟೆಯ ಗಂಟು ಬಂತು. ಕಸೂತಿ ಹಾಕಿದ ಅಗಲ ಲಂಗ, ತಲೆಗೆ ಸುತ್ತುವ ಬಿಳಿ ಬಟ್ಟೆ, ಗೋಲಿಯಷ್ಟು ದಪ್ಪ ಮಣಿಗಳ ಸರ. ‘ಹಳೆಯ ಕಾಲದ ಸಂತೋಷದ ವಾತಾವರಣ’ ತರಲು ಹೆಂಗಸರೆಲ್ಲ ಇದನ್ನು ಉಡಬೇಕಂತೆ. ದಮಿಯಾನಾ ಲಂಗದ ಅಂಚನ್ನು ಬೆರಳಲ್ಲಿ ಮುಟ್ಟಿದಳು. ಗಾಣದ ಮುಂದೆ ಇಂಥ ಲಂಗ ಉಟ್ಟು ನಿಂತಿದ್ದರೆ ಮೊದಲು ಲಂಗ ಹೋಗುತ್ತಿತ್ತು, ಅದರ ಹಿಂದೆ ಅದನ್ನು ಉಟ್ಟವಳು.

“ನೀನು ಗಾಣಕ್ಕೆ ಮೊದಲ ಕಬ್ಬು ಕೊಡ್ತೀಯ. ಫೋಟೋದವರು ಬರ್ತಾರೆ. ನಿನ್ನ ಮುತ್ತಜ್ಜಿ ಕೆಲಸಾನೇ ಅಲ್ವಾ? ಎಷ್ಟು ಚೆನ್ನಾಗಿರುತ್ತೆ!” ಎಂದಳು ಲೆಯೊನೋರ್.

“ಮೊದಲ ಕಬ್ಬು ದಣಿ ಕೈಯಿಂದ ಹೋಗಬೇಕು ಅಮ್ಮಾವ್ರೇ.”

ಅದು ಸುಳ್ಳಲ್ಲ. ಬೊತಾದಾ ದಿನ ಪಾದ್ರಿ ತೀರ್ಥ ಚಿಮುಕಿಸಬೇಕು. ಬಣ್ಣದ ರಿಬ್ಬನ್ನು ಕಟ್ಟಿದ ಮೊದಲ ಕಬ್ಬನ್ನು ದಣಿ ತನ್ನ ಕೈಯಾರೆ ಉರುಳೆಗೆ ಕೊಡಬೇಕು. ಅಲ್ಲಿಯವರೆಗೆ ಆಳುಗಳು ಗಾಣ ಮುಟ್ಟುತ್ತಿರಲಿಲ್ಲ. ಚಾಟಿ ಬೀಸಿದರೂ ಮುಟ್ಟುತ್ತಿರಲಿಲ್ಲ. ಗುಲಾಮರ ಕಾಲದಲ್ಲೂ ದಣಿಗಳು ಈ ಒಂದು ವಿಷಯದಲ್ಲಿ ಆಳುಗಳ ಮಾತಿಗೆ ತಲೆಬಾಗುತ್ತಿದ್ದರು. ವರ್ಷವಿಡೀ ನಮ್ಮ ಕೈ ತಿನ್ನುವ ಗಾಣಕ್ಕೆ ಒಂದು ದಿನ ನಿಮ್ಮ ಕೈಯೂ ಹತ್ತಿರ ಬರಲಿ ಎಂಬುದು ಅದರ ಅರ್ಥ.

“ಡಾಕ್ಟರ್ ಭಾಷಣ ಮಾಡ್ಬೇಕು ಕಣೇ. ಬಿಳಿ ಸೂಟು ಹೊಲಿಸಿದ್ದಾರೆ. ಕಲೆ ಆಗುತ್ತೆ.”

“ಹಾಗಾದ್ರೆ ಮಚ್ಚಾದ್ರೂ ಕಂಬಕ್ಕೆ ಹಾಕಿಸಿ. ಮಚ್ಚಿಲ್ಲದ ಗಾಣಕ್ಕೆ ಕೈ ಕೊಡಬೇಡ ಅಂತ ನಮ್ಮಜ್ಜಿ ಹೇಳ್ತಿದ್ಳು. ಮಚ್ಚಿದ್ರೆ ಕೈ ಮಾತ್ರ ಹೋಗುತ್ತೆ, ಇಲ್ದಿದ್ರೆ ಆಳೇ ಹೋಗುತ್ತೆ ಅಂತ.”

ಮಚ್ಚು ಗಾಣದ ಮನೆಯಲ್ಲೇ, ಗಾಜಿನ ಪೆಟ್ಟಿಗೆಯಲ್ಲಿ ಮಖಮಲ್ಲಿನ ಮೇಲೆ ಮಲಗಿತ್ತು. ಕೆಳಗೆ ಹಿತ್ತಾಳೆಯ ಫಲಕ: ‘ಹಲಸಿನ ಹಣ್ಣು ಕೊಯ್ಯುವ ಮಚ್ಚು’.

ಲೆಯೊನೋರ್ ಸುತ್ತಮುತ್ತ ನೋಡಿ ದನಿ ತಗ್ಗಿಸಿದಳು. “ಅದು ಏನಂತ ನನಗೂ ಗೊತ್ತು ದಮಿಯಾನಾ. ಅಣ್ಣನಿಗೂ ಗೊತ್ತು. ಆದ್ರೆ ಜನ ಅದನ್ನೆಲ್ಲಾ ಓದಿದ ಮೇಲೆ ಊಟಕ್ಕೆ ಕೂರ್ತಾರಲ್ಲಮ್ಮ. ಸ್ವಲ್ಪ ಅರ್ಥ ಮಾಡ್ಕೋ.”

ದಮಿಯಾನಾ ಅರ್ಥ ಮಾಡಿಕೊಂಡಳು. ಗೋಡೆಯ ಮೇಲೊಂದು ಹೆಸರು ಬರುವುದಿತ್ತು. ಅದಕ್ಕಾಗಿ ನಾಲಿಗೆ ಕಚ್ಚಿಕೊಂಡಳು. ಲಂಗ ಉಟ್ಟಳು.

ಬಳಗ ಬಂತು ನೋಡಿ! ರೆಸೀಫಿಯಿಂದ ಬಂದರು, ಸಾವೊ ಪಾವ್ಲೊದಿಂದ ಬಂದರು, ಒಬ್ಬ ಲಿಸ್ಬನ್ನಿನಿಂದಲೂ ಬಂದ. ಎಲ್ಲರ ಎದೆಯ ಮೇಲೂ ಹೆಸರಿನ ಚೀಟಿ. ಒಬ್ಬರನ್ನೊಬ್ಬರು ತಬ್ಬಿಕೊಂಡು ಚೀಟಿ ಓದಿ, ಆಮೇಲೆ “ಓ, ನೀನಾ!” ಎನ್ನುತ್ತಿದ್ದರು. ಗಾಣದ ಕಬ್ಬಿಣ ಮುಟ್ಟಿ ಕಣ್ಣೀರಿಟ್ಟರು. “ನಮ್ಮ ತಾತಂದಿರ ಬೆವರು ಇಲ್ಲಿದೆ,” ಎಂದ ಒಬ್ಬ. ತಾತ ಆರಾಮಕುರ್ಚಿ ಬಿಟ್ಟು ಎದ್ದಿದ್ದನ್ನು ಊರಲ್ಲಿ ಕಂಡವರಿಲ್ಲ. ಆದರೆ ಸೆಖೆಯ ಸೀಮೆ. ಆರಾಮಕುರ್ಚಿಯಲ್ಲೂ ಬೆವರು ಬರುತ್ತದೆ.

ಒತಾವಿಯು ಭಾಷಣ ಮಾಡಿದ. ಬೇರು ಎಂದ. ರಕ್ತ ಎಂದ. “ತನ್ನ ಮೂಲ ತಿಳಿಯದವನು ಅನಾಥ,” ಎಂದ. ಚಪ್ಪಾಳೆ ಬಿತ್ತು. ಪರದೆ ಎಳೆದ.

ಅಬ್ಬಬ್ಬಾ, ಏನು ಮರ! ಗೋಡೆ ಸಾಲದೆ ಎರಡು ಕೊಂಬೆ ಛಾವಣಿ ಹತ್ತಿದ್ದವು. ಹುಟ್ಟಿದ ವಾರಕ್ಕೇ ಸತ್ತ ಕೂಸುಗಳಿಗೂ ಎಲೆ ಇತ್ತು. ಮೊನ್ನೆ ಮೊನ್ನೆ ಮದುವೆಯಾಗಿ ಆಗಲೇ ಬಿಟ್ಟುಹೋಗಿದ್ದ ಸೊಸೆಗೂ ಇತ್ತು. ದಮಿಯಾನಾಳ ಕಣ್ಣು ಮರದ ಮೇಲೆ ಹೋಗಲಿಲ್ಲ. ನೇರ ಕೆಳಗೆ, ನೆಲದ ಹತ್ತಿರ ಹೋಯಿತು. ಇಗರ್ಜಿಯ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ಒಂದೊಂದೇ ಕೂಡಿಸಿ ಓದಿದಳು. ಬೇರಿನ ಬಲಗಡೆ ಒಂದು ಬಿಳಿ ಕುದುರೆ. ಅದರ ಕೆಳಗೆ ‘ರೆಲಾಂಪಗು’. ಬೇರಿನ ಎಡಗಡೆ ಸುರುಳಿ ಅಕ್ಷರದಲ್ಲಿ ಒಂದು ಸಾಲು: ‘ಈ ಆಲೆಮನೆಯನ್ನು ಬೆಳೆಸಿದ ಎಲ್ಲ ಪ್ರೀತಿಯ ಕೈಗಳಿಗೆ’.

ಅಷ್ಟೇ. ಅವಳು ಇನ್ನೊಂದು ಸಲ ಓದಿದಳು. ಇನಾಸಿಯಾ ಇರಲಿಲ್ಲ.

ಕುದುರೆಯ ಹೆಸರು ಕೊಟ್ಟವಳು ತಾನೇ. ಅದು ಅವಳನ್ನು ಸುಟ್ಟಿತು.

ಪಾದ್ರಿ ತೀರ್ಥ ಚಿಮುಕಿಸಿದ. ತೂಬು ಎತ್ತಿದರು. ಚಕ್ರಕ್ಕೆ ನೀರು ಬಿತ್ತು. ಕಬ್ಬಿಣ ನರಳಿತು, ಉರುಳೆಗಳು ತಿರುಗಿದವು. ಬಳಗ ಹೋ ಎಂದಿತು. ಲೆಯೊನೋರ್ ಕೆಂಪು ಹಸಿರು ರಿಬ್ಬನ್ನು ಕಟ್ಟಿದ ಕಬ್ಬನ್ನು ದಮಿಯಾನಾಳ ಕೈಗಿತ್ತು ಗಾಣದ ಕಡೆಗೆ ಮೆಲ್ಲಗೆ ನೂಕಿದಳು. ಫೋಟೋದವನು ಮಂಡಿಯೂರಿದ.

ದಮಿಯಾನಾ ಗಾಣದ ಮುಂದೆ ನಿಂತಳು. ಉರುಳೆ ನೋಡಿದಳು. ತಿರುಗಿ ಬಂದು ಕಬ್ಬನ್ನು ಒತಾವಿಯುವಿನ ಮುಂದೆ ಹಿಡಿದಳು.

“ನೀವು ಕೊಡಿ ದಣಿ.”

“ಏನಾಯ್ತು ದಮಿಯಾನಾ?”

“ನಾನು ಕೊಡಲ್ಲ. ಪದ್ಧತಿ ಪದ್ಧತಿಯೇ. ನೀವು ಕೊಡಿ.”

“ಅಯ್ಯೋ, ಅವಳಿಗೆ ಜನ ನೋಡಿ ನಾಚಿಕೆ,” ಎಂದು ಲೆಯೊನೋರ್ ಬಳಗದ ಕಡೆ ನಕ್ಕಳು. ಹಲ್ಲಿನ ಸಂದಿಯಿಂದ ಬೇರೆ ಮಾತು ಬಂತು: “ಕೊಡೇ. ಮರ್ಯಾದೆ ತೆಗೀಬೇಡ.”

“ಹೆಸರು ಎಲ್ಲಿ ಅಮ್ಮಾವ್ರೇ?”

“ಕೈಗಳಿಗೆ ಅಂತ ಬರೆಸಿದೀವಲ್ಲ! ಅದರಲ್ಲಿ ಎಲ್ಲಾರೂ ಬಂದ್ರು.”

“ಕುದುರೆ ಯಾಕೆ ‘ಎಲ್ಲಾ ಕುದುರೆಗಳಿಗೆ’ ಅಂತ ಬರಲಿಲ್ಲ?”

ಹಿಂದೆ ನಿಂತಿದ್ದ ಜೊವೆಂತಿನಾ ಕಿಸಕ್ಕನೆ ನಕ್ಕಳು. ಬಳಗದಲ್ಲಿ ಯಾರೂ ನಗಲಿಲ್ಲ.

ದಮಿಯಾನಾ ಕಬ್ಬನ್ನು ಉರುಳೆಯ ಮುಂದಿನ ಕಟ್ಟೆಯ ಮೇಲಿಟ್ಟು, ಗಾಜಿನ ಪೆಟ್ಟಿಗೆಯ ಹತ್ತಿರ ಹೋದಳು. ದಿನವೂ ಒರೆಸುವವಳು, ಬೀಗದ ಕೈ ಅವಳ ಸೊಂಟದಲ್ಲೇ ಇತ್ತು. ಮಚ್ಚು ತೆಗೆದಳು. ಬಳಗ ಎರಡು ಹೆಜ್ಜೆ ಹಿಂದೆ ಸರಿಯಿತು. ಅವಳು ಯಾರ ಕಡೆಗೂ ಹೋಗಲಿಲ್ಲ. ಗಾಣದ ಕಂಬದ ಪಕ್ಕ, ಹಳೆಯ ಮೊಳೆಯ ಕೆಳಗೆ, ಮೇಸ್ತ್ರಿ ನಿಲ್ಲುವ ಜಾಗದಲ್ಲಿ ನಿಂತಳು.

“ಇದು ಹಲಸಿನ ಹಣ್ಣು ಕೊಯ್ಯೋದಲ್ಲ. ಗಾಣ ಕೈ ಹಿಡಿದ್ರೆ ಕಡಿಯೋದು. ನಮ್ಮ ಮುತ್ತಜ್ಜಿ ಬಲಗೈ ಕಡಿದಿದ್ದು ಇದೇ. ಬನ್ನಿ ದಣಿ. ಹೆದರಬೇಡಿ. ಕಬ್ಬು ಕೊಡಿ, ಕೈ ಎಳ್ಕೊಳ್ಳಿ. ಮರೆತ್ರೆ ನಾನಿದೀನಿ.”

ಒತಾವಿಯು ತನ್ನ ಕೈ ನೋಡಿಕೊಂಡ. ಎರಡನ್ನೂ ಜೇಬಿಗೆ ಹಾಕಿಕೊಂಡ.

“ನೀವು ಬೇಡ್ವಾ? ಸರಿ. ಲಿಸ್ಬನ್ನಿನ ಅಯ್ಯಾವ್ರು ಬರ್ತೀರಾ? ಬೆವರಿನ ಮಾತಾಡಿದ್ರಲ್ಲ, ಅವರು? ಇಷ್ಟು ದೊಡ್ಡ ಮರ, ಇಷ್ಟೊಂದು ಎಲೆ! ಒಂದು ಕೈ ಇಲ್ವಾ?”

ಯಾರೂ ಬರಲಿಲ್ಲ. ಪಾದ್ರಿ ತೀರ್ಥದ ಬಟ್ಟಲಲ್ಲಿ ಏನೋ ಬಿದ್ದಿದೆಯೆಂಬಂತೆ ನೋಡುತ್ತ ನಿಂತ. ಗಾಣ ಬರಿದೇ ತಿರುಗುತ್ತಿತ್ತು. ಖಾಲಿ ಲೋಟ ಹಿಡಿದವರೆಲ್ಲ ಒತಾವಿಯುವಿನ ಮುಖ ನೋಡಿದರು.

ಅವನಿಗೆ ಅವಮಾನವಾಯಿತು. ಮೂಲೆಯಲ್ಲಿ ದಮಿಯಾನಾಳ ಪೊರಕೆ ಇತ್ತು, ಉದ್ದ ಹಿಡಿಯದು. “ಇಷ್ಟಕ್ಕೆಲ್ಲಾ ಇಷ್ಟು ರಾದ್ಧಾಂತನಾ?” ಎಂದು ನಗುತ್ತ ಅದನ್ನು ಎತ್ತಿಕೊಂಡ. ಮಾರು ದೂರ ನಿಂತು, ಕಟ್ಟೆಯ ಮೇಲಿದ್ದ ಕಬ್ಬನ್ನು ಪೊರಕೆಯಿಂದ ನೂಕಿದ. ಉರುಳೆ ಕಬ್ಬು ಕಚ್ಚಿತು. ರಿಬ್ಬನ್ನು ಕಚ್ಚಿತು. ಅವನ ನಗು ಇನ್ನೂ ಮುಖದ ಮೇಲಿತ್ತು, ಉರುಳೆ ಪೊರಕೆಯನ್ನೂ ಕಚ್ಚಿತು. ಹಿಡಿ ಅವನನ್ನು ಮುಂದಕ್ಕೆ ಸೆಳೆಯಿತು. ಒಂದು ಹೆಜ್ಜೆ. ಇನ್ನೊಂದು ಹೆಜ್ಜೆ. ಅವನು ಕಿರುಚಿ ಕೈ ಬಿಟ್ಟ, ಹಿಂದಕ್ಕೆ ಬಿದ್ದ. ಪೊರಕೆ ಸದ್ದು ಮಾಡುತ್ತ ಒಳಗೆ ಹೋಯಿತು. ಆ ಗಟ್ಟಿ ಮರದ ಹಿಡಿ ಚೂರು ಚೂರಾಗಿ ಆಚೆ ಬಿತ್ತು.



“ನೀವು ಬಿಟ್ರಿ, ದಣಿ. ಬಿಟ್ಟಿದ್ದು ಒಳ್ಳೇದಾಯ್ತು,” ಎಂದಳು ದಮಿಯಾನಾ. “ನಮ್ಮ ಮುತ್ತಜ್ಜಿಗೆ ಬಿಡೋಕಾಗ್ಲಿಲ್ಲ. ಅವತ್ತು ಸಿಕ್ಕಿದ್ದು ಪೊರಕೆ ಅಲ್ಲ ನೋಡಿ, ಅವಳದೇ ಕೈ.”

ಅವಳು ಮಚ್ಚನ್ನು ಕಂಬದ ಮೊಳೆಗೆ ತೂಗುಹಾಕಿದಳು. ಮಣಿಸರ ತೆಗೆದಳು. ತಲೆಯ ಬಟ್ಟೆ ಬಿಚ್ಚಿ, ಮಡಚಿ, ಗಾಜಿನ ಪೆಟ್ಟಿಗೆಯ ಮಖಮಲ್ಲಿನ ಮೇಲಿಟ್ಟಳು.

ಜೊವೆಂತಿನಾ ಅಷ್ಟರಲ್ಲಿ ಆ ಕಬ್ಬಿನಿಂದ ಇಳಿದಷ್ಟು ರಸವನ್ನು ಲೋಟಗಳಿಗೆ ಗುಟುಕು ಗುಟುಕಾಗಿ ಹಂಚಿ, ತಟ್ಟೆಯಲ್ಲಿಟ್ಟುಕೊಂಡು ಬಳಗದ ನಡುವೆ ಹೊರಟಿದ್ದಳು. ರಸದಲ್ಲಿ ಪೊರಕೆಯ ಕಡ್ಡಿ ತೇಲುತ್ತಿತ್ತು. “ಕುಡೀರಿ ಬುದ್ದಿ, ಮೊದಲ ರಸ. ಬೇಡ ಅಂದ್ರೆ ಅಪಶಕುನ. ಕುಡೀರಿ ತಾಯಿ, ನಿಮ್ಮ ತಾತಂದಿರ ಬೆವರು.” ಒಬ್ಬರೂ ಲೋಟ ಮುಟ್ಟಲಿಲ್ಲ.

ಲೆಯೊನೋರ್ ಅಣ್ಣನ ಸೂಟಿನ ಧೂಳು ಕೊಡವುತ್ತಿದ್ದವಳು ತಿರುಗಿದಳು. ಈಗ ದನಿ ತಗ್ಗಿಸುವ ಗೋಜಿಗೆ ಹೋಗಲಿಲ್ಲ.

“ಸಂಜೆಯೊಳಗೆ ನಾವು ಕೊಟ್ಟ ಮನೆ ಖಾಲಿ ಮಾಡು. ನಿನ್ನ ಗಂಟುಮೂಟೆ ಒಂದೂ ಇಲ್ಲಿರಕೂಡದು. ಉಂಡ ಮನೆಗೆ ಎರಡು ಬಗೀತೀಯಾ? ಏನಿದೆಯೇ ನಿನ್ನದು ಇಲ್ಲಿ?”

“ಒಂದು ಕೈ ಇದೆ,” ಎಂದಳು ದಮಿಯಾನಾ. “ನಿಮ್ಮದು ಗೋಡೆ ಮೇಲಿದೆ ಅಮ್ಮಾವ್ರೇ. ನಮ್ಮದು ಮಣ್ಣಲ್ಲಿದೆ. ನಿಮ್ಮ ಇಡೀ ಬಳಗದ್ದು ಒಂದು ಉಗುರು ಈ ಮಣ್ಣಲ್ಲಿ ಇದೆ ಅಂತ ತೋರ್ಸಿ, ನಾನು ಹೋಗ್ತೀನಿ.”

ಜೊವೆಂತಿನಾಳ ತಟ್ಟೆಯಿಂದ ಒಂದು ಲೋಟ ಎತ್ತಿಕೊಂಡಳು. ಕಡ್ಡಿ ತೆಗೆದು ಎಸೆದಳು. ಹಲಸಿನ ಮರಕ್ಕೆ ನಡೆದಳು. ಆ ವರ್ಷ ಅದು ಬುಡದಿಂದಲೇ ಕಾಯಿ ಬಿಟ್ಟಿತ್ತು. “ತಗೋ ಇನಾಸಿಯಾ,” ಎಂದು ಎಲ್ಲರಿಗೂ ಕೇಳುವ ಹಾಗೆ ಹೆಸರು ಕೂಗಿ ಅರ್ಧ ರಸ ಸುರಿದಳು. ಉಳಿದರ್ಧ ತಾನು ಕುಡಿದಳು. ಆಮೇಲೆ ಆ ಬಾಡಿಗೆಯ ಕಸೂತಿ ಲಂಗದಲ್ಲೇ, ಬುಡಕ್ಕೆ ಬೆನ್ನು ಕೊಟ್ಟು, ಮಣ್ಣಿನ ಮೇಲೆ ಕಾಲು ಚಾಚಿ ಕೂತಳು.